ಪ್ಲಾಸ್ಟಿಕ್ ಮೂಳೆ ಮೇಜಿನ ಮೇಲೆ, ನಿಜವಾದ ಮೂಳೆ ಕಾಲಿನೊಳಗೆ

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಆರು ದಿನಗಳ ಹಿಂದೆ ರಾತ್ರಿ ಬೈಕಿನಲ್ಲಿ ಬರುವಾಗ, ದೀಪವಿಲ್ಲದೆ ರಸ್ತೆ ಬದಿ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಗುದ್ದಿ ಬಲಗಾಲಿನ ಮಂಡಿಯ ಕೆಳಗಿನ ಮೂಳೆ ಚೂರುಚೂರಾಗಿದೆ. ಆಸ್ಪತ್ರೆಯ ಚೀಟಿಯಲ್ಲಿ ‘ಟಿಬಿಯಲ್ ಪ್ಲಾಟೋ, ಶಾಟ್ಸ್ಕರ್ 6’ ಎಂದು ಬರೆದಿದ್ದಾರೆ. ಸದ್ಯಕ್ಕೆ ಹೊರಗಿನಿಂದ ಸರಳುಗಳನ್ನು ಹಾಕಿ ಕಾಲನ್ನು ನೇರವಾಗಿ ಹಿಡಿದಿಟ್ಟಿದ್ದಾರೆ. ಊತ ಇಳಿದ ಮೇಲೆ ಆಪರೇಷನ್ ಅಂತೆ. ಆಸ್ಪತ್ರೆಯಲ್ಲೇ ತ್ರೀಡಿ ಪ್ರಿಂಟರ್ ಇದೆ, ಮೂಳೆಯನ್ನು ಪ್ರಿಂಟ್ ಮಾಡಿಕೊಂಡು ಆಪರೇಷನ್ ಮಾಡುತ್ತೇವೆ, ಅದಕ್ಕೆ ಪ್ರತ್ಯೇಕವಾಗಿ 12 ಸಾವಿರ ರೂಪಾಯಿ ಆಗುತ್ತದೆ ಎಂದರು. ನಮ್ಮ ತಾಯಿಯವರು ‘ಪ್ಲಾಸ್ಟಿಕ್ ಮೂಳೆ ಮೈಗೆ ಒಗ್ಗುತ್ತದೆಯೇ’ ಎಂದು ಅಳುತ್ತಿದ್ದಾರೆ. ಪಕ್ಕದ ಮನೆಯವರು ಪುತ್ತೂರು ಕಟ್ಟು ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು, ಇದಕ್ಕಿಂತ ಒಳ್ಳೆಯ ಪ್ರಿಂಟರ್ ಇರುವ ದೊಡ್ಡ ಊರಿನ ಆಸ್ಪತ್ರೆಯೇ ಮೇಲು, ಅಲ್ಲಿಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ಏನು ಮಾಡಬೇಕು ಡಾಕ್ಟರೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ನಿಮ್ಮ ತಾಯಿಯವರ ನಿದ್ದೆ ಕೆಡಿಸಿರುವ ಸಂಗತಿಯನ್ನು ತೀರಿಸಿಬಿಡುತ್ತೇನೆ. ಪ್ರಿಂಟ್ ಮಾಡಿದ ಮೂಳೆ ನಿಮ್ಮ ತಮ್ಮನ ಕಾಲಿನೊಳಗೆ ಹೋಗುವುದಿಲ್ಲ. ಅದು ವೈದ್ಯರ ಮೇಜಿನ ಮೇಲೆ ಕೂರುತ್ತದೆ. ಕಾಲಿನೊಳಗೆ ಹೋಗುವುದು ಸ್ಟೀಲಿನದ್ದೋ ಟೈಟಾನಿಯಮ್ಮಿನದ್ದೋ ಪ್ಲೇಟು ಮತ್ತು ಸ್ಕ್ರೂಗಳು. ಕೂಡಿಕೊಳ್ಳುವುದು ಅವನದೇ ಮೂಳೆಯ ಚೂರುಗಳು. ಪ್ಲಾಸ್ಟಿಕ್ ಮಾದರಿ ಆಪರೇಷನ್ನಿಗೆ ಮೊದಲು ನಡೆಯುವ ತಾಲೀಮಿನ ಸಾಮಾನು. ನಾಟಕದವರು ರಂಗಕ್ಕೆ ಹೋಗುವ ಮುನ್ನ ತಾಲೀಮು ಮಾಡುತ್ತಾರಲ್ಲ, ಹಾಗೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ತಾಲೀಮಿಗೆ 12 ಸಾವಿರ ಕೊಡಬೇಕೇ, ಅದರಿಂದ ತಮ್ಮನಿಗೆ ಆಗುವ ಲಾಭವೇನು ಎಂಬುದು ನಿಮ್ಮ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಅವನ ಕಾಲಿನಲ್ಲಿ ಏನು ಮುರಿದಿದೆ ಎಂಬುದು ನಿಮಗೆ ಕಣ್ಣಿಗೆ ಕಟ್ಟಬೇಕು.

ಮಂಡಿಯ ಕೆಳಗಿನ ದೊಡ್ಡ ಮೂಳೆ ಟಿಬಿಯಾ. ಅದರ ಮೇಲ್ತುದಿ, ಅಂದರೆ ಚೀಟಿಯಲ್ಲಿರುವ ‘ಪ್ಲಾಟೋ’, ಅರಳಿಕಟ್ಟೆಯಂತೆ ಅಗಲವಾಗಿ, ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ. ತೊಡೆಮೂಳೆಯ ಎರಡು ಗುಂಡುತುದಿಗಳು ಆ ಕಟ್ಟೆಯ ಮೇಲೆ ಕುಳಿತು ಉರುಳುವುದರಿಂದಲೇ ನಾವು ಕೂರುತ್ತೇವೆ, ಏಳುತ್ತೇವೆ, ಮೆಟ್ಟಿಲು ಹತ್ತುತ್ತೇವೆ. ಕಟ್ಟೆಯ ಮೇಲಿನ ಹಾಸು ನುಣ್ಣನೆಯ ಮೃದ್ವಸ್ಥಿ. ಹಾಸಿನ ಕೆಳಗೆ ಇರುವುದು ಜೇನುಗೂಡಿನಂತೆ ಕಣ್ಣುಕಣ್ಣಾಗಿರುವ ಮೂಳೆ. ಜೋರಾದ ಪೆಟ್ಟು ಬಿದ್ದಾಗ ಈ ಜೇನುಗೂಡು ಒಳಕ್ಕೆ ಕುಸಿಯುತ್ತದೆ. ಪೈಪು ಹಾಕಲು ಅಗೆದು ಮುಚ್ಚಿದ ರಸ್ತೆ ಮೊದಲ ಮಳೆಗೇ ಕುಸಿಯುವುದನ್ನು ನೋಡಿದ್ದೀರಿ. ಮೇಲಿನ ಡಾಂಬರು ತುಂಡಾಗಿ ಹಳ್ಳಕ್ಕೆ ಇಳಿದಿರುತ್ತದೆ, ಕೆಳಗಿನ ಮಣ್ಣು ಒತ್ತಿಹೋಗಿರುತ್ತದೆ. ದುರಸ್ತಿಯೂ ಹಾಗೆಯೇ: ಇಳಿದ ತುಂಡನ್ನು ಕೆಳಗಿನಿಂದ ಎತ್ತಬೇಕು, ಮೇಲ್ಮೈ ಸಮ ಮಾಡಬೇಕು, ಎತ್ತಿದ ಮೇಲೆ ಅಡಿಯಲ್ಲಿ ಉಳಿಯುವ ಖಾಲಿ ಜಾಗವನ್ನು ಸೊಂಟದಿಂದ ತೆಗೆದ ಮೂಳೆಪುಡಿಯಿಂದಲೋ ಕ್ಯಾಲ್ಸಿಯಂ ಫಾಸ್ಫೇಟಿನಂಥ ಪದಾರ್ಥದಿಂದಲೋ ತುಂಬಬೇಕು, ಮತ್ತೆ ಕುಸಿಯದಂತೆ ಪ್ಲೇಟು ಮತ್ತು ಸ್ಕ್ರೂಗಳಿಂದ ಆಧಾರ ಕೊಡಬೇಕು.

ಚೀಟಿಯಲ್ಲಿರುವ ಶಾಟ್ಸ್ಕರ್ ಎಂಬುದು ಕೆನಡಾದ ಟೊರಾಂಟೊ ನಗರದ ಮೂಳೆ ಶಸ್ತ್ರವೈದ್ಯರೊಬ್ಬರ ಹೆಸರು. ಅವರು 1979ರಲ್ಲಿ ಈ ಕಟ್ಟೆಯ ಮುರಿತಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಆರನೆಯದರಲ್ಲಿ ಕಟ್ಟೆಯ ಮೇಲ್ಮೈ ಒಡೆದಿರುವುದರ ಜೊತೆಗೆ ಇಡೀ ಕಟ್ಟೆಯೇ ಕೆಳಗಿನ ಕಂಬದಿಂದ ಬಿಟ್ಟುಕೊಂಡಿರುತ್ತದೆ. ಆರರಲ್ಲಿ ಇದು ಹೆಚ್ಚು ತೊಡಕಿನದು. ನಿಮ್ಮ ವೈದ್ಯರು ಪ್ರಿಂಟರಿನ ಮಾತೆತ್ತಿದ್ದು ಈ ಕಾರಣಕ್ಕೆ ಎಂದು ನನ್ನ ಊಹೆ, ಮತ್ತು ಆ ಮಾತಿನಲ್ಲಿ ಅರ್ಥವಿದೆ. ಇದೇ ವೈದ್ಯರು ಮೀನಖಂಡದ ಮಟ್ಟದಲ್ಲಿ ಎರಡೇ ತುಂಡಾದ ಸಾಮಾನ್ಯ ಮುರಿತಕ್ಕೆ ಪ್ರಿಂಟ್ ಮಾಡಬೇಕು ಎಂದಿದ್ದರೆ ನಾನು ಹುಬ್ಬೇರಿಸುತ್ತಿದ್ದೆ. ಅಂಥದ್ದಕ್ಕೆ ಮೂಳೆಯ ಟೊಳ್ಳಿನೊಳಗೆ ರಾಡ್ ಇಳಿಸುತ್ತೇವೆ; ಎಕ್ಸ್‌ರೇ ಸಾಕು.

ಎಕ್ಸ್‌ರೇ ಎಂದರೆ ನೆರಳು. ಮುಂದಿನ ಚೂರೂ ಹಿಂದಿನ ಚೂರೂ ಒಂದೇ ಹಾಳೆಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಕಟ್ಟೆಯ ಹಿಂಭಾಗದ ಒಳಮೂಲೆಯಲ್ಲಿ ಬಿಟ್ಟುಕೊಂಡ ತುಂಡು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಅಡಗಿ ಕೂತಿರುತ್ತದೆ. ಅದನ್ನು ಗಮನಿಸದೆ ಮುಂದಿನಿಂದ ಮಾತ್ರ ಪ್ಲೇಟು ಹಾಕಿದರೆ, ಕಾಲಕ್ರಮದಲ್ಲಿ ಆ ತುಂಡು ಕೆಳಗೆ ಜಾರಿ ಮಂಡಿ ಒಂದು ಕಡೆಗೆ ವಾಲುತ್ತದೆ. ಇದಕ್ಕೇ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಲಂಡನ್ನಿನ ಆಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದ ಮೇಲೆ, ಮನುಷ್ಯನನ್ನು ಕೊಯ್ಯದೆಯೇ ಹೋಳುಹೋಳಾಗಿ ನೋಡುವುದು ಸಾಧ್ಯವಾಯಿತು. ಆದರೆ ಸಿಟಿ ಕೊಡುವುದೂ ಹೋಳುಗಳನ್ನೇ. ನೂರಾರು ಹೋಳುಗಳನ್ನು ನೋಡಿ ಇಡೀ ಹಣ್ಣನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಕೆಲಸ ವೈದ್ಯರ ತಲೆಗೆ ಬಿಟ್ಟದ್ದು. ಕೆಲವರಿಗೆ ಅದು ಸಲೀಸು. ನನಗೆ ಮೂವತ್ತು ವರ್ಷ ಈ ಕೆಲಸ ಮಾಡಿಯೂ ಕೆಲವು ಮುರಿತಗಳು ಕೈಯಲ್ಲಿ ಹಿಡಿಯುವ ತನಕ ಪೂರ್ತಿ ತಿಳಿಯುವುದಿಲ್ಲ.

ಆ ಕೈಯಲ್ಲಿ ಹಿಡಿಯುವ ವಸ್ತು ಹೇಗೆ ತಯಾರಾಗುತ್ತದೆ ನೋಡಿ. ಸಿಟಿ ಸ್ಕ್ಯಾನಿನ ಪ್ರತಿಯೊಂದು ಚುಕ್ಕೆಗೂ ಒಂದು ಅಂಕಿ ಇರುತ್ತದೆ. ಅದರ ಮಾನಕ್ಕೆ ಹೌನ್ಸ್‌ಫೀಲ್ಡರ ಹೆಸರನ್ನೇ ಇಟ್ಟಿದ್ದಾರೆ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಹಲವು ನೂರರಿಂದ ಸಾವಿರದ ಆಚೆಗೆ. ಇಷ್ಟಕ್ಕಿಂತ ಮೇಲಿನ ಅಂಕಿಯವನ್ನೆಲ್ಲ ಉಳಿಸು, ಉಳಿದದ್ದನ್ನು ಅಳಿಸು ಎಂದು ಕಂಪ್ಯೂಟರಿಗೆ ಹೇಳಿದರೆ ಚರ್ಮ, ಮಾಂಸ, ಕೊಬ್ಬು ಎಲ್ಲ ಮಾಯವಾಗಿ ಮೂಳೆ ಮಾತ್ರ ಪರದೆಯ ಮೇಲೆ ನಿಲ್ಲುತ್ತದೆ. ಅಕ್ಕಿಯನ್ನು ಜರಡಿ ಹಿಡಿದಂತೆ. ಇದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ; ತ್ರೀಡಿ ಸ್ಲೈಸರ್ ಎಂಬುದೂ ಬ್ರೆಜಿಲ್ ದೇಶದವರು ಮಾಡಿದ ಇನ್‌ವೆಸಾಲಿಯಸ್ ಎಂಬುದೂ ಪುಕ್ಕಟೆಯಾಗಿ ಸಿಗುತ್ತವೆ.

ಜರಡಿ ಹಿಡಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಒಂದಕ್ಕೊಂದು ತಾಗಿಕೊಂಡಿರುವ ಎರಡು ಚೂರುಗಳನ್ನು ಕಂಪ್ಯೂಟರ್ ಒಂದೇ ಎಂದು ತಿಳಿಯುತ್ತದೆ. ತಂತ್ರಜ್ಞರೋ ವೈದ್ಯರೋ ಕುಳಿತು, ಹೋಳುಹೋಳಾಗಿ ನೋಡುತ್ತಾ, ಇದು ಬೇರೆ ಅದು ಬೇರೆ ಎಂದು ಗೆರೆ ಎಳೆಯಬೇಕು. ಶಾಟ್ಸ್ಕರ್ ಆರರ ಮುರಿತಕ್ಕೆ ಇದು ಹಲವು ಗಂಟೆಗಳ ತಾಳ್ಮೆ. ಚೂರುಗಳನ್ನು ಬೇರೆಬೇರೆಯಾಗಿಯೂ ಪ್ರಿಂಟ್ ಮಾಡಬಹುದು, ಮುರಿದ ಸ್ಥಿತಿಯಲ್ಲೇ ಒಟ್ಟಾಗಿಯೂ ಮಾಡಬಹುದು. ಇನ್ನೊಂದು ಜಾಣತನವೂ ಇದೆ: ಮುರಿಯದ ಎಡಗಾಲಿನ ಸ್ಕ್ಯಾನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ, ಅಪಘಾತಕ್ಕೆ ಮುಂಚೆ ಬಲಗಾಲು ಹೇಗಿತ್ತು ಎಂಬ ನಕಲು ಸಿಗುತ್ತದೆ. ಮನುಷ್ಯನ ಎರಡು ಕಾಲುಗಳು ಪೂರ್ತಿ ಒಂದೇ ಅಳತೆಯವಲ್ಲ, ಆದರೆ ಈ ಕೆಲಸಕ್ಕೆ ಸಾಕಷ್ಟು ಹತ್ತಿರ.

ಪ್ರಿಂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಕ್ಕುಲಿ ಒರಳಿನಿಂದ ಹಿಟ್ಟಿನ ಎಳೆ ಇಳಿಯುವುದನ್ನು ಬಲ್ಲವರಿಗೆ ಅದರ ಕೆಲಸ ಅರ್ಥವಾಗುತ್ತದೆ. ಒರಳಿನ ಬಾಯಿ ಸೂಜಿಯಷ್ಟು ಸಣ್ಣದು, ಹಿಟ್ಟಿನ ಬದಲು ಸುಮಾರು 200 ಡಿಗ್ರಿ ಶಾಖದಲ್ಲಿ ಕರಗಿದ ಪ್ಲಾಸ್ಟಿಕ್, ಒತ್ತುವ ಕೈ ಕಂಪ್ಯೂಟರಿನದು. ಒಂದು ಪದರ 0.2 ಮಿಲಿಮೀಟರ್ ದಪ್ಪವಿದ್ದರೆ 10 ಸೆಂಟಿಮೀಟರ್ ಎತ್ತರದ ಮಾದರಿಗೆ 500 ಪದರಗಳು ಬೇಕು. ರಾತ್ರಿ ಹಚ್ಚಿಟ್ಟು ಹೋದರೆ ಬೆಳಗ್ಗೆ ಮೂಳೆ ಸಿದ್ಧ. ಸಾಮಾನ್ಯವಾಗಿ ಬಳಸುವುದು ಪಿ.ಎಲ್.ಎ. ಎಂಬ ಪ್ಲಾಸ್ಟಿಕ್, ಮೆಕ್ಕೆಜೋಳದ ಪಿಷ್ಟದಿಂದಲೋ ಕಬ್ಬಿನ ಸಕ್ಕರೆಯಿಂದಲೋ ಅದನ್ನು ಮಾಡುತ್ತಾರೆ. ಹಾವೇರಿಯ ಕಡೆಯವರಾದ ನಿಮಗೆ ಮೆಕ್ಕೆಜೋಳದ ಬಗ್ಗೆ ನಾನು ಹೇಳಬೇಕಾಗಿಲ್ಲ.

ಈಗ ವೈದ್ಯರು ಅದನ್ನು ಏನು ಮಾಡುತ್ತಾರೆ ಎಂಬುದಕ್ಕೆ ಬರುತ್ತೇನೆ, ಏಕೆಂದರೆ 12 ಸಾವಿರದ ಬೆಲೆ ತೀರ್ಮಾನವಾಗುವುದು ಇಲ್ಲಿ. ನಾನಾದರೆ ಮೊದಲು ಮಾದರಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ಬೆನ್ನ ಕಡೆ ನೋಡುತ್ತೇನೆ. ಹಿಂಭಾಗದ ತುಂಡು ಎಷ್ಟು ದೊಡ್ಡದು? ಅದಕ್ಕೆ ಮಂಡಿಯ ಹಿಂದಿನಿಂದ ಬೇರೆ ಗಾಯ ಮಾಡಬೇಕೇ, ಅಥವಾ ಪಕ್ಕದಿಂದ ತಲುಪಬಹುದೇ? ರೋಗಿಯನ್ನು ಅಂಗಾತ ಮಲಗಿಸಬೇಕೇ, ಬೋರಲಾಗಿಯೇ? ಇದನ್ನು ಥಿಯೇಟರಿನಲ್ಲಿ, ಕಾಲು ಕೊಯ್ದ ಮೇಲೆ ಯೋಚಿಸುವುದಕ್ಕೂ ಹಿಂದಿನ ಸಂಜೆ ಚಹಾ ಕುಡಿಯುತ್ತಾ ಯೋಚಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಯಾವ ಚೂರನ್ನು ಮೊದಲು ಕೂರಿಸಬೇಕು ಎಂಬುದೂ ಆಗಲೇ ಗೊತ್ತಾಗುತ್ತದೆ. ಕಲ್ಲಿನ ಗೋಡೆ ಕಟ್ಟುವವನಿಗೆ ಮೂಲೆಗಲ್ಲು ಯಾವುದು ಎಂದು ಮೊದಲೇ ಗೊತ್ತಿರಬೇಕು. ನಡುವಿನ ಕಲ್ಲನ್ನು ಮೊದಲಿಟ್ಟರೆ ಮೂಲೆ ಕೂರುವುದಿಲ್ಲ.

ಎರಡನೆಯದು ಪ್ಲೇಟು. ಕಂಪನಿಗಳು ಕೊಡುವ ಪ್ಲೇಟುಗಳು ಸರಾಸರಿ ಮೂಳೆಯ ಆಕಾರಕ್ಕೆ ಬಾಗಿಸಿದಂಥವು. ಸರಾಸರಿ ಮನುಷ್ಯ ಎಂಬುವನು ನನ್ನ ಹೊರರೋಗಿ ವಿಭಾಗಕ್ಕೆ ಇನ್ನೂ ಬಂದಿಲ್ಲ. ಪ್ಲೇಟು ಒಂದೆಡೆ ಮೂಳೆಗೆ ಅಂಟಿ, ಇನ್ನೊಂದೆಡೆ ಎದ್ದು ನಿಂತರೆ ಆಪರೇಷನ್ ನಡುವೆ ಅದನ್ನು ಹೊರತೆಗೆದು, ಬಾಗಿಸಿ, ಮತ್ತೆ ಇಟ್ಟು, ಮತ್ತೆ ತೆಗೆದು ನೋಡಬೇಕಾಗುತ್ತದೆ. ಅಷ್ಟೂ ಹೊತ್ತು ಗಾಯ ತೆರೆದಿರುತ್ತದೆ. ಕನ್ನಡಿ ನಕಲಿನ ಮಾದರಿಯ ಮೇಲೆ ಹಿಂದಿನ ದಿನವೇ ಪ್ಲೇಟನ್ನು ಇಟ್ಟು, ಅಕ್ಕಸಾಲಿಗ ಬಳೆಯನ್ನು ಕೈಗೆ ಹೊಂದಿಸುವಂತೆ ಹೊಂದಿಸಿ, ಸ್ಕ್ರೂಗಳ ಉದ್ದವನ್ನೂ ಅಳೆದು ಬರೆದಿಟ್ಟರೆ ಈ ಪರದಾಟ ಕಡಿಮೆಯಾಗುತ್ತದೆ. ಬಾಗಿಸಿದ ಲೋಹದ ಪ್ಲೇಟನ್ನು ಎಂದಿನಂತೆ ಆಟೋಕ್ಲೇವಿನಲ್ಲಿಟ್ಟು ಕ್ರಿಮಿರಹಿತ ಮಾಡಿದರೆ ಆಯಿತು.

ಆಟೋಕ್ಲೇವ್ ಎಂದ ಕೂಡಲೇ ನನ್ನದೊಂದು ಮರ್ಯಾದೆಗೇಡಿನ ಪ್ರಸಂಗ ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ, ಎರಡು ರಾತ್ರಿ ನಿದ್ದೆಗೆಟ್ಟು ಮಾಡಿಸಿದ ಮಾದರಿಯನ್ನು ಥಿಯೇಟರಿನ ಒಳಗೆ ಕಣ್ಣೆದುರಿಗೆ ಇಟ್ಟುಕೊಳ್ಳೋಣ ಎಂದು ಉಪಕರಣಗಳ ಜೊತೆ ಆಟೋಕ್ಲೇವಿಗೆ ಕಳಿಸಿದೆ. ಅಲ್ಲಿಯ ಉಗಿಯ ಶಾಖ 121 ಡಿಗ್ರಿ, ಕೆಲವೊಮ್ಮೆ 134. ಪಿ.ಎಲ್.ಎ. ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಸೊಟ್ಟಗಾಗುತ್ತದೆ. ಟ್ರೇ ತೆರೆದಾಗ ಒಳಗಿದ್ದದ್ದು ಮಂಡಿಯ ಮೂಳೆಯಲ್ಲ, ತಟ್ಟೆಗೆ ಅಂಟಿದ ಹಲ್ವ. ಥಿಯೇಟರಿನ ಸಿಸ್ಟರ್ ಒಬ್ಬರು ತುಟಿ ಬಿಗಿಹಿಡಿದು ನನ್ನ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಮಾದರಿಯನ್ನು ಎಥಿಲೀನ್ ಆಕ್ಸೈಡ್ ಅನಿಲದಿಂದಲೋ ಹೈಡ್ರೋಜನ್ ಪೆರಾಕ್ಸೈಡ್ ಪ್ಲಾಸ್ಮಾದಿಂದಲೋ ಶುದ್ಧಗೊಳಿಸುತ್ತೇವೆ, ಇಲ್ಲವೇ ಕ್ರಿಮಿರಹಿತವಾದ ಪಾರದರ್ಶಕ ಚೀಲದೊಳಗೆ ಹಾಕಿ ಇಟ್ಟುಕೊಳ್ಳುತ್ತೇವೆ.

ಆ ಹಲ್ವದ ಕಥೆಯಲ್ಲಿ ರೋಗಿಗೆ ತೊಂದರೆಯಾಗಲಿಲ್ಲ. ಇನ್ನೊಂದು ಸಲದ್ದು ಹಾಗಲ್ಲ. ಮಾದರಿಯಲ್ಲಿ ಕಟ್ಟೆಯ ಹೊರಭಾಗ ಒಂದೇ ದೊಡ್ಡ ತುಂಡಾಗಿ ಕಾಣುತ್ತಿತ್ತು. ಅದನ್ನು ನಂಬಿ ಎರಡೇ ಸ್ಕ್ರೂಗಳ ಲೆಕ್ಕ ಹಾಕಿದ್ದೆ. ಒಳಗೆ ಹೋಗಿ ನೋಡಿದರೆ ಅದು ಮೂರು ತುಂಡು. ಬಿರುಕು ಕೂದಲಿನಷ್ಟು ಸಣ್ಣದಿದ್ದರಿಂದ ಗೆರೆ ಎಳೆಯುವಾಗ ತಂತ್ರಜ್ಞರಿಗೆ ಕಂಡಿರಲಿಲ್ಲ, ಸ್ಕ್ಯಾನಿನ ಹೋಳುಗಳೂ ದಪ್ಪವಾಗಿದ್ದವು. ಮೂಲ ಸ್ಕ್ಯಾನನ್ನು ನಾನೇ ಕುಳಿತು ನೋಡಿದ್ದರೆ ಗೊತ್ತಾಗುತ್ತಿತ್ತು. ಕೈಗೆ ಸಿಕ್ಕ ಆಟಿಕೆಯ ಮೋಹಕ್ಕೆ ಬಿದ್ದು ನೋಡಿರಲಿಲ್ಲ. ಆಪರೇಷನ್ ಒಂದು ಗಂಟೆ ಹೆಚ್ಚು ನಡೆಯಿತು. ಇಂಥ ಕೆಲಸಕ್ಕೆ ಸ್ಕ್ಯಾನಿನ ಹೋಳು 1 ಮಿಲಿಮೀಟರಿಗಿಂತ ದಪ್ಪ ಇರಬಾರದು ಎಂಬ ಹಟ ನನಗೆ ಹತ್ತಿದ್ದು ಆಗಿನಿಂದ.

ಮಾದರಿ ಹೇಳದೆ ಬಿಡುವ ಸಂಗತಿಗಳು ಇನ್ನೂ ಇವೆ. ಅದರಲ್ಲಿ ಮಂಡಿಯ ಗಾದಿಗಳಿಲ್ಲ, ಕಟ್ಟುನಾರುಗಳಿಲ್ಲ, ನರವಿಲ್ಲ, ರಕ್ತನಾಳವಿಲ್ಲ. ಚರ್ಮದ ಸ್ಥಿತಿ ಹೇಗಿದೆ ಎಂದು ಅದು ಹೇಳಲಾರದು. ಮೂಳೆ ಗಟ್ಟಿಯೋ ಸವೆದಿದೆಯೋ ಎಂಬುದೂ ತಿಳಿಯದು. ಇಪ್ಪತ್ತರ ಹುಡುಗನ ಮೂಳೆಯೂ ಎಪ್ಪತ್ತರ ಅಜ್ಜಿಯ ಮೂಳೆಯೂ ಪ್ಲಾಸ್ಟಿಕ್ಕಿನಲ್ಲಿ ಒಂದೇ ಬಿರುಸು. ಮೇಜಿನ ಮೇಲೆ ಚೂರುಗಳನ್ನು ಸಲೀಸಾಗಿ ಜೋಡಿಸಬಹುದು. ಕಾಲಿನೊಳಗೆ ಅವಕ್ಕೆ ಮಾಂಸ ಅಂಟಿರುತ್ತದೆ, ಆ ಮಾಂಸದ ಮೂಲಕವೇ ರಕ್ತ ಬರುತ್ತದೆ. ಮಾದರಿಯಂತೆಯೇ ಕೂರಿಸುತ್ತೇನೆ ಎಂದು ಹಟ ಹಿಡಿದು ಚೂರನ್ನು ಮಾಂಸದಿಂದ ಬಿಡಿಸಿದರೆ ಅದು ಸತ್ತ ಮೂಳೆಯಾಗುತ್ತದೆ. ನೋಡಲು ಚೆಂದದ ಎಕ್ಸ್‌ರೇ, ಕೂಡದ ಮುರಿತ.

ಅಧ್ಯಯನಗಳು ಏನು ಹೇಳುತ್ತವೆ? ಇಂಥ ಮುರಿತಗಳಲ್ಲಿ ಮುದ್ರಿತ ಮಾದರಿ ಬಳಸಿದಾಗ ಆಪರೇಷನ್ನಿನ ಅವಧಿ ಕಡಿಮೆ, ರಕ್ತಸ್ರಾವ ಕಡಿಮೆ, ಥಿಯೇಟರಿನೊಳಗೆ ತೆಗೆಯುವ ಎಕ್ಸ್‌ರೇಗಳೂ ಕಡಿಮೆ ಎಂಬುದರಲ್ಲಿ ಹೆಚ್ಚಿನವುಗಳಿಗೆ ಒಮ್ಮತವಿದೆ. ಅವುಗಳಲ್ಲಿ ಬಹುಪಾಲು ಚೀನಾದ ಆಸ್ಪತ್ರೆಗಳಿಂದ ಬಂದವು, ರೋಗಿಗಳ ಸಂಖ್ಯೆ ಸಣ್ಣದು. ಆದರೆ ಒಂದೆರಡು ವರ್ಷದ ಮೇಲೆ ರೋಗಿ ಹೇಗೆ ನಡೆಯುತ್ತಾನೆ, ಮಂಡಿ ಎಷ್ಟು ಮಡಚುತ್ತದೆ ಎಂದು ಕೇಳಿದರೆ ವ್ಯತ್ಯಾಸ ಮಸುಕಾಗುತ್ತದೆ. ಕೆಲವು ಅಧ್ಯಯನಗಳಲ್ಲಿ ಇದೆ, ಕೆಲವುಗಳಲ್ಲಿ ಇಲ್ಲ. ಹಾಗಾಗಿ ‘ಪ್ರಿಂಟ್ ಮಾಡಿದರೆ ಕಾಲು ಮೊದಲಿನಂತಾಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ‘ನನಗೆ ಕೆಲಸ ಸುಲಭವಾಗುತ್ತದೆ’ ಎಂದು ವೈದ್ಯರು ಹೇಳಿದರೆ ನಂಬಿ. ಅದೂ ಸಣ್ಣ ಲಾಭವಲ್ಲ, ಗಾಯ ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು.

ಈ ತಂತ್ರದಿಂದ ಅತಿ ಹೆಚ್ಚು ಉಪಯೋಗ ಆಗುವುದು ಹೊಸ ಮುರಿತಕ್ಕಿಂತ ಸೊಟ್ಟಗೆ ಕೂಡಿಕೊಂಡ ಹಳೆಯ ಮುರಿತಕ್ಕೆ ಎಂಬುದು ನನ್ನ ಅಭಿಪ್ರಾಯ. ಕಾಲು ವಾಲಿ, ತಿರುಚಿ, ಗಿಡ್ಡವಾಗಿ ಕೂಡಿದ್ದರೆ ಅದನ್ನು ಮತ್ತೆ ಕತ್ತರಿಸಿ ನೇರ ಮಾಡಬೇಕು. ಎಲ್ಲಿ, ಎಷ್ಟು ಕೋನದಲ್ಲಿ ಗರಗಸ ಹಾಯಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆ ಮೂಳೆಗೆ ಮಾತ್ರ ಕೂರುವಂಥ ಒಂದು ಅಚ್ಚನ್ನು ಪ್ರಿಂಟ್ ಮಾಡುತ್ತಾರೆ. ಅಚ್ಚಿನಲ್ಲಿ ಗರಗಸಕ್ಕೆ ಸೀಳು, ಡ್ರಿಲ್ಲಿಗೆ ತೂತು ಮೊದಲೇ ಇರುತ್ತವೆ. ಬಡಗಿ ಮೂಲೆಮಟ್ಟ ಇಟ್ಟುಕೊಂಡು ಕೊಯ್ದಂತೆ. ಬೆಲ್ಜಿಯಮ್ಮಿನ ಲೂವೆನ್‌ನಲ್ಲಿ 1990ರಲ್ಲಿ ಶುರುವಾದ ಮಟೀರಿಯಲೈಸ್ ಎಂಬ ಕಂಪನಿ ಈ ಬಗೆಯ ಕೆಲಸದಲ್ಲಿ ಹಳಬರು. ನಿಮ್ಮ ತಮ್ಮನಿಗೆ ಇದರ ಅಗತ್ಯ ಬಾರದಿರಲಿ.

ಹಾಗಾದರೆ ಕಾಲಿನೊಳಗೆ ಹಾಕುವಂಥ ಮೂಳೆಯನ್ನು ಪ್ರಿಂಟ್ ಮಾಡುವುದೇ ಇಲ್ಲವೇ? ಮಾಡುತ್ತಾರೆ, ಆದರೆ ಅದರ ದಾರಿಯೇ ಬೇರೆ. ಅಪಘಾತದಲ್ಲಿ ಮೂಳೆಯ ತುಂಡೇ ರಸ್ತೆಯಲ್ಲಿ ಬಿದ್ದುಹೋದಾಗ, ಅಥವಾ ಸೋಂಕಿನಿಂದ ಒಂದು ಉದ್ದದ ಮೂಳೆ ಕೊಳೆತಾಗ ಆ ಅಂತರವನ್ನು ತುಂಬಬೇಕಾಗುತ್ತದೆ. ಇದಕ್ಕೆ ರಷ್ಯಾದ ಇಲಿಜಾರೊವ್ ಅವರ ಉಂಗುರಗಳಿವೆ; ಮೂಳೆಯನ್ನು ದಿನಕ್ಕೆ 1 ಮಿಲಿಮೀಟರಿನಂತೆ ಎಳೆದು ಬೆಳೆಸುವ ವಿಧಾನ. ಫ್ರಾನ್ಸಿನ ಮಸ್ಕಲೆ ಅವರ ಎರಡು ಹಂತದ ವಿಧಾನವೂ ಇದೆ. ಇವುಗಳ ಸಾಲಿಗೆ ಈಗ ಲೇಸರಿನಿಂದಲೋ ಎಲೆಕ್ಟ್ರಾನ್ ಕಿರಣದಿಂದಲೋ ಟೈಟಾನಿಯಂ ಪುಡಿಯನ್ನು ಕರಗಿಸಿ ಪದರಪದರವಾಗಿ ಮಾಡಿದ ಜಾಲರಿಯ ಪಂಜರಗಳು ಸೇರಿವೆ. 2017ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಪ್ರಿನ್ಸೆಸ್ ಅಲೆಕ್ಸಾಂಡ್ರಾ ಆಸ್ಪತ್ರೆಯಲ್ಲಿ, ಸೋಂಕಿನಿಂದ ಟಿಬಿಯಾದ ಬಹುಭಾಗ ಕಳೆದುಕೊಂಡ ಯುವಕನೊಬ್ಬನಿಗೆ ದೇಹದೊಳಗೆ ನಿಧಾನವಾಗಿ ಕರಗುವ ಮುದ್ರಿತ ಹಂದರವನ್ನು ಅಳವಡಿಸಿ, ಅದಕ್ಕೆ ರಕ್ತಸಂಚಾರವಿರುವ ಅಂಗಾಂಶವನ್ನು ಸುತ್ತಿದರು. ಹಂದರದ ಮೇಲೆ ಬಳ್ಳಿ ಹಬ್ಬಿದಂತೆ ಅವನದೇ ಮೂಳೆ ಬೆಳೆಯಲಿ ಎಂದು. ದೊಡ್ಡ ಸಾಹಸ. ಆದರೆ ನಿಮ್ಮ ತಮ್ಮನ ಮೂಳೆ ಒಡೆದಿದೆ, ಕಳೆದುಹೋಗಿಲ್ಲ. ಅವನ ಚೂರುಗಳಿಗಿಂತ ಉತ್ತಮವಾದ ಮೂಳೆಯನ್ನು ಯಾವ ಪ್ರಿಂಟರೂ ಮಾಡಲಾರದು.

ಪ್ರಿಂಟರ್ ಆಸ್ಪತ್ರೆಯೊಳಗೇ ಇರುವುದು ಹೆಚ್ಚುಗಾರಿಕೆಯೇ ಎಂಬುದು ನಿಮ್ಮ ಪತ್ರದಲ್ಲಿ ಅಡಗಿರುವ ಇನ್ನೊಂದು ಪ್ರಶ್ನೆ. ಅಮೆರಿಕದ ಚಕ್ ಹಲ್ ಅವರು ಬೆಳಕಿನಿಂದ ದ್ರವ ಪ್ಲಾಸ್ಟಿಕ್ಕನ್ನು ಪದರಪದರವಾಗಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಕೇಳಿದ್ದು 1984ರಲ್ಲಿ. ಬಹುಕಾಲ ಈ ಯಂತ್ರಗಳು ಕಾರ್ಖಾನೆಗಳ ಸೊತ್ತಾಗಿದ್ದವು. ನಾನು ಮೇಲೆ ಹೇಳಿದ ಚಕ್ಕುಲಿ ಒರಳಿನ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ ಬೆಲೆ ಇಳಿದು, ಮೇಜಿನ ಮೇಲಿಡುವ ಯಂತ್ರಗಳು ಕಾಲೇಜುಗಳಿಗೂ ಆಸ್ಪತ್ರೆಗಳಿಗೂ ಬಂದವು. ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ 2021ರಲ್ಲಿ, ಇಟಲಿಯ ಕಂಪನಿಯೊಂದರ ಜೊತೆಗೂಡಿ, ಲೋಹದ ಇಂಪ್ಲಾಂಟುಗಳನ್ನೇ ಮುದ್ರಿಸುವ ಘಟಕ ಶುರುವಾಯಿತು. ನಮ್ಮಲ್ಲಿ ಹೆಚ್ಚಿನ ಕಡೆ ಇರುವುದು ಪ್ಲಾಸ್ಟಿಕ್ ಮಾದರಿಯ ಮಟ್ಟ. ಅಷ್ಟು ಸಾಕು.

ಒಳಗಿರುವುದರ ಮುಖ್ಯ ಲಾಭ ಸಮಯ ಮತ್ತು ಮಾತುಕತೆ. ಗೆರೆ ಎಳೆಯುವವರು ಮಹಡಿ ಇಳಿದು ಬಂದು ‘ಸಾರ್, ಈ ಚೂರು ಇದಕ್ಕೆ ಸೇರಿದ್ದೋ ಅದಕ್ಕೋ’ ಎಂದು ಕೇಳಬಹುದು. ದೂರದ ಊರಿನ ಕಂಪನಿಗೆ ಸ್ಕ್ಯಾನ್ ಕಳಿಸಿ, ಕೊರಿಯರಿನಲ್ಲಿ ಮೂಳೆ ತರಿಸಿಕೊಂಡಾಗ ಆ ಪ್ರಶ್ನೆ ಕೇಳದೆಯೇ ಉಳಿಯುತ್ತದೆ. ಅನನುಕೂಲವೂ ಇದೆ: ಕಾರ್ಖಾನೆಯಲ್ಲಿ ತಪಾಸಣೆಗೆ ಒಂದು ಕ್ರಮವಿರುತ್ತದೆ, ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಅದು ಒಬ್ಬ ವ್ಯಕ್ತಿಯ ಶಿಸ್ತಿನ ಮೇಲೆ ನಿಂತಿರುತ್ತದೆ. ಅಳತೆ ಸರಿಯಿದೆಯೇ ಎಂದು ಕ್ಯಾಲಿಪರಿನಿಂದ ನೋಡಿದರೇ? ಎಡ ಬಲ ಅದಲುಬದಲಾಗಿಲ್ಲ ತಾನೇ? ಕನ್ನಡಿ ನಕಲು ಮಾಡುವಲ್ಲಿ ಈ ಎರಡನೆಯ ತಪ್ಪು ತೀರಾ ಸುಲಭ. ಅದಕ್ಕೇ ಒಳ್ಳೆಯ ಕಡೆಗಳಲ್ಲಿ ರೋಗಿಯ ಗುರುತಿನ ಸಂಖ್ಯೆಯನ್ನೂ ಎಡ ಬಲವನ್ನೂ ಪ್ಲಾಸ್ಟಿಕ್ಕಿನಲ್ಲೇ ಉಬ್ಬಕ್ಷರವಾಗಿ ಮುದ್ರಿಸಿರುತ್ತಾರೆ. ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ, 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ದೇಹದೊಳಗೆ ಉಳಿಯುವ ವಸ್ತುವನ್ನು ಯಾರಾದರೂ ಆಸ್ಪತ್ರೆಯಲ್ಲೇ ಮುದ್ರಿಸಿ ಹಾಕುತ್ತೇವೆ ಎಂದರೆ, ಅದಕ್ಕೆ ಪರವಾನಗಿ ಯಾರದು ಎಂದು ಕೇಳುವುದು ನಿಮ್ಮ ಹಕ್ಕು. ಮೇಜಿನ ಮೇಲಿನ ಮಾದರಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು ದುಡ್ಡು. ಮಾದರಿಗೆ ಹಿಡಿಯುವ ಪ್ಲಾಸ್ಟಿಕ್ಕಿನ ಬೆಲೆ ಕೆಲವೇ ನೂರು ರೂಪಾಯಿ. ನೀವು ಕೊಡುತ್ತಿರುವುದು ಗೆರೆ ಎಳೆಯುವವರ ಗಂಟೆಗಳಿಗೆ ಮತ್ತು ಯಂತ್ರದ ಸವಕಳಿಗೆ. ಚೂರುಗಳನ್ನು ಬಿಡಿಸಿ, ಎಡಗಾಲಿನ ಕನ್ನಡಿ ನಕಲನ್ನೂ ಮಾಡಿ, ಪ್ಲೇಟನ್ನು ಅದರ ಮೇಲೆ ಹೊಂದಿಸುವುದಾದರೆ 12 ಸಾವಿರ ನನಗೆ ಅನ್ಯಾಯವಾಗಿ ಕಾಣುವುದಿಲ್ಲ. ಸ್ಕ್ಯಾನನ್ನು ಹಾಗೇ ಯಂತ್ರಕ್ಕೆ ಉಣಿಸಿ, ಒಂದೇ ಮುದ್ದೆಯಾಗಿ ಮುದ್ರಿಸಿ, ನಿಮಗೆ ತೋರಿಸಿ ಕಪಾಟಿನಲ್ಲಿಡುವುದಾದರೆ ಅದು ದುಬಾರಿ ಬೊಂಬೆ. ಎರಡರಲ್ಲಿ ಯಾವುದು ಎಂದು ಹೇಗೆ ತಿಳಿಯುವುದು? ವೈದ್ಯರನ್ನು ವಿನಯದಿಂದಲೇ ಕೇಳಿ: ‘ಮಾದರಿ ಬಂದ ಮೇಲೆ ಅದರಿಂದ ಏನನ್ನು ತೀರ್ಮಾನ ಮಾಡುತ್ತೀರಿ?’ ಹಿಂದಿನ ತುಂಡು, ಗಾಯದ ಜಾಗ, ಪ್ಲೇಟಿನ ಬಾಗು ಎಂದು ಅವರ ಮಾತು ಹರಿದರೆ ದುಡ್ಡು ಕೊಡಿ. ‘ಇದು ಲೇಟೆಸ್ಟ್ ಟೆಕ್ನಾಲಜಿ’ ಎಂದು ನಿಂತರೆ, ಮಾದರಿಯಿಲ್ಲದೆಯೇ ಆಪರೇಷನ್ ಮಾಡಿ ಎನ್ನಬಹುದು. ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ವಿಮೆ ಇದ್ದರೆ ಮೊದಲೇ ವಿಚಾರಿಸಿ.

ಪ್ರಿಂಟರಿಗಾಗಿ ಆಸ್ಪತ್ರೆ ಬದಲಿಸುವುದು ಬೇಡ. ಹೊರಗಿನ ಸರಳು ಹಾಕಿ, ಊತ ಇಳಿಯಲು ಕಾಯುತ್ತಿದ್ದಾರೆ ಎಂಬುದೊಂದೇ ನಿಮ್ಮ ವೈದ್ಯರ ಬಗ್ಗೆ ನನಗೆ ವಿಶ್ವಾಸ ಹುಟ್ಟಿಸುತ್ತದೆ. ಇಂಥ ಪೆಟ್ಟಿನಲ್ಲಿ ಮೂಳೆಗಿಂತ ಹೆಚ್ಚು ನೊಂದಿರುವುದು ಚರ್ಮ. ಊದಿ ಮಿರುಗುತ್ತಿರುವ ಚರ್ಮವನ್ನು ಮೊದಲ ದಿನವೇ ಕೊಯ್ದರೆ ಹೊಲಿಗೆ ಕೂಡುವುದಿಲ್ಲ, ಕೀವಾಗುತ್ತದೆ. ಚರ್ಮದಲ್ಲಿ ಮತ್ತೆ ಸುಕ್ಕು ಕಾಣಿಸಿಕೊಂಡ ಮೇಲೆ ಕೈ ಹಾಕಬೇಕು. ಅದಕ್ಕೆ ಒಂದು ವಾರ, ಎರಡು ವಾರವೂ ಹಿಡಿಯಬಹುದು. ಸರಳಿನಿಂದ ಎಳೆದು ಹಿಡಿದ ಮೇಲೆ ತೆಗೆದ ಸಿಟಿಯೇ ಹೆಚ್ಚು ಉಪಯುಕ್ತ, ಚೂರುಗಳು ಆಗ ಸ್ವಲ್ಪ ಬಿಡಿಸಿಕೊಂಡಿರುತ್ತವೆ. ಚರ್ಮ ಕೇಳುವ ವಾರದೊಳಗೆ ಪ್ರಿಂಟರಿನ ಒಂದೆರಡು ರಾತ್ರಿ ಸುಲಭವಾಗಿ ಹಿಡಿಯುತ್ತವೆ. ಪ್ರಿಂಟ್ ಬರಲಿಲ್ಲ ಎಂದು ಆಪರೇಷನ್ ಮುಂದೂಡುತ್ತಿದ್ದರೆ ಮಾತ್ರ ಪ್ರಶ್ನೆ ಮಾಡಿ. ಈ ದಿನಗಳಲ್ಲಿ ಒಂದು ಎಚ್ಚರ: ಮದ್ದಿಗೂ ಬಗ್ಗದ ನೋವು ಹೆಚ್ಚುತ್ತಾ ಹೋಗಿ, ಬೆರಳುಗಳನ್ನು ಮೇಲೆ ಕೆಳಗೆ ಆಡಿಸಿದರೆ ಕಿರುಚುವಂತಾಗಿ, ಕಾಲು ಕಲ್ಲಿನಂತೆ ಬಿಗಿದರೆ ಬೆಳಗಾಗುವ ತನಕ ಕಾಯದೆ ಆಗಲೇ ಸಿಸ್ಟರನ್ನು, ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ಸ್ನಾಯುಗಳ ಕೋಣೆಯಲ್ಲಿ ಒತ್ತಡ ಏರಿ ರಕ್ತ ನಿಂತಿರಬಹುದು. ಅದಕ್ಕೆ ಇರುವ ಸಮಯ ಗಂಟೆಗಳ ಲೆಕ್ಕದ್ದು. ಇದು ಸಾಮಾನ್ಯವಾಗಿ ಮೊದಲ ಒಂದೆರಡು ದಿನದ ಕಾಯಿಲೆ, ಆದರೂ ಹೇಳದೆ ಬಿಡಲಾರೆ.

ಪುತ್ತೂರು ಕಟ್ಟಿನ ಬಗ್ಗೆ ಕೇಳಿದಿರಿ. ಮೂಳೆ ಕಟ್ಟುವ ನಾಟಿ ವಿದ್ಯೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಸುಶ್ರುತ ಸಂಹಿತೆಯಲ್ಲೇ ಹನ್ನೆರಡು ಬಗೆಯ ಮೂಳೆ ಮುರಿತಗಳನ್ನೂ ಆರು ಬಗೆಯ ಕೀಲು ತಪ್ಪುವಿಕೆಗಳನ್ನೂ ಹೇಳಿದೆ. ಮಗುವಿನ ಮುಂಗೈ ಮೂಳೆ ಸೀಳುಬಿಟ್ಟಾಗ ಕಟ್ಟು ಹಾಕಿದರೆ ಕೂಡುತ್ತದೆ, ಏಕೆಂದರೆ ಅದು ಹೇಗಿದ್ದರೂ ಕೂಡುವಂಥದ್ದು. ಕೀಲಿನ ಮೇಲ್ಮೈ ಕುಸಿದಾಗ ಹೊರಗಿನಿಂದ ಬಿಗಿದ ಬಿದಿರು ದಬ್ಬೆ ಒಳಗಿನ ಹಳ್ಳವನ್ನು ಎತ್ತಲಾರದು. ಊದಿದ ಕಾಲಿಗೆ ಬಿಗಿಯಾದ ಕಟ್ಟು ಹಾಕಿ, ಮೇಲೆ ಹೇಳಿದ ಒತ್ತಡ ಏರಿ, ಕಾಲನ್ನೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ನೆರೆಯವರಿಗೆ ನಮಸ್ಕಾರ ಹೇಳಿ, ತಮ್ಮನನ್ನು ಆಸ್ಪತ್ರೆಯಲ್ಲೇ ಬಿಡಿ.

ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಮುಂದಿನ ಮೂರು ತಿಂಗಳು ನಿಮ್ಮ ಮನೆಯಲ್ಲಿ ನಡೆಯುವುದು ಹೆಚ್ಚು ಮುಖ್ಯ. ತಮ್ಮ ಬೀಡಿ, ಸಿಗರೇಟು ಸೇದುತ್ತಿದ್ದರೆ ಇವತ್ತೇ ನಿಲ್ಲಿಸಬೇಕು. ಹೊಗೆ ಮೂಳೆ ಕೂಡುವುದನ್ನು ತಡ ಮಾಡುತ್ತದೆ, ಗಾಯವನ್ನೂ ಕೆಡಿಸುತ್ತದೆ. ಗುಟ್ಕಾ ಕೂಡ ಬೇಡ. ವೈದ್ಯರು ಹೇಳಿದ ಕೂಡಲೇ ಮಂಡಿಯನ್ನು ಮಡಚಿ ಬಿಡಿಸುವ ವ್ಯಾಯಾಮ ಶುರು ಮಾಡಬೇಕು, ನೋವಾದರೂ ಸರಿ. ಆರು ವಾರ ಅಲುಗಾಡಿಸದ ಮಂಡಿ ಬಾಗಿಲ ಅಗುಳಿಯಂತೆ ಜಾಮ್ ಆಗುತ್ತದೆ. ಆದರೆ ಮಡಚುವುದು ಬೇರೆ, ಊರುವುದು ಬೇರೆ. ನೆಲಕ್ಕೆ ಪೂರ್ತಿ ಭಾರ ಹಾಕಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಕಾಯಬೇಕಾಗುತ್ತದೆ, ಎಕ್ಸ್‌ರೇ ನೋಡಿ ವೈದ್ಯರೇ ಹೇಳುತ್ತಾರೆ. ನೋವಿಲ್ಲ ಎಂದು ನಾಲ್ಕನೇ ವಾರಕ್ಕೆ ಹೊಲಕ್ಕೆ ನಡೆದುಹೋದವನ ಕಟ್ಟೆ ಮತ್ತೆ ಕುಸಿದದ್ದನ್ನು ಪ್ಲೇಟೂ ತಡೆಯಲಿಲ್ಲ, ಪ್ರಿಂಟರೂ ತಡೆಯಲಿಲ್ಲ.

ಒಂದು ಕೊನೆಯ ಕೆಲಸ. ಮಾದರಿ ಸಿದ್ಧವಾದಾಗ ತಾಯಿಯವರನ್ನೂ ಕರೆದುಕೊಂಡು ಹೋಗಿ, ಅದನ್ನು ಅವರ ಕೈಗೆ ಕೊಡುವಂತೆ ಕೇಳಿಕೊಳ್ಳಿ. ಎಕ್ಸ್‌ರೇ ತೋರಿಸಿ ಅರ್ಧ ಗಂಟೆ ಮಾತನಾಡಿದರೂ ತಿಳಿಯದ್ದು ಆ ತುಂಡನ್ನು ಮುಟ್ಟಿದ ಎರಡು ನಿಮಿಷಕ್ಕೆ ತಿಳಿಯುವುದನ್ನು ಬಹಳ ಸಲ ನೋಡಿದ್ದೇನೆ. ಆಪರೇಷನ್ ಮುಗಿದ ಮೇಲೆ ಅವರು ಕೊಟ್ಟರೆ ಮಾದರಿಯನ್ನು ಮನೆಗೆ ತನ್ನಿ, ಕೊಡದಿದ್ದರೆ ಜಗಳ ಬೇಡ. ಆದರೆ ಸಿಟಿ ಸ್ಕ್ಯಾನಿನ ಸಿ.ಡಿ.ಯನ್ನು ಮರೆಯದೆ ಕೇಳಿ ಪಡೆಯಿರಿ. ಕಪ್ಪು ಫಿಲ್ಮು ಸಾಲದು. ಮುಂದೆಂದಾದರೂ ಆ ಮಂಡಿಗೆ ಮತ್ತೆ ಕೈ ಹಾಕಬೇಕಾಗಿ ಬಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.